ತೆಗೆದುಹಾಕಿದ್ದಕ್ಕೂ ಒಂದು ಕಡತವಿರಲಿ



2014ರ ಡಿಸೆಂಬರ್‌ನಲ್ಲಿ ಬ್ರಿಟನ್ನಿನ ಚಾನೆಲ್ 4 ಸುದ್ದಿವಾಹಿನಿ ಬಿತ್ತರಿಸಿದ ಒಂದು ವರದಿ ಬೆಂಗಳೂರಿನವರನ್ನು ಬೆಚ್ಚಿಬೀಳಿಸಿತು. ಆ ದಿನಗಳಲ್ಲಿ 'ಶಮಿ ವಿಟ್ನೆಸ್' ಎಂಬ ಹೆಸರಿನ ಟ್ವಿಟರ್ ಖಾತೆಯೊಂದು ಐಸಿಸ್ ಪರವಾಗಿ ಇಂಗ್ಲಿಷಿನಲ್ಲಿ ಬಿಡುವಿಲ್ಲದೆ ಬರೆಯುತ್ತಿತ್ತು. ಹದಿನೇಳು ಸಾವಿರಕ್ಕೂ ಹೆಚ್ಚು ಮಂದಿ ಅದನ್ನು ಹಿಂಬಾಲಿಸುತ್ತಿದ್ದರು. ಹೊರದೇಶಗಳಿಂದ ಸಿರಿಯಾಕ್ಕೆ ಹೋಗಿ ಬಂದೂಕು ಹಿಡಿದ ಹುಡುಗರೂ ಅವರಲ್ಲಿದ್ದರು. ಆ ಖಾತೆಯ ಒಡೆಯ ಸಿರಿಯಾದಲ್ಲೂ ಇಲ್ಲ, ಇರಾಕಿನಲ್ಲೂ ಇಲ್ಲ, ಬೆಂಗಳೂರಿನಲ್ಲಿದ್ದಾನೆ ಎಂದಿತು ವರದಿ. ಎರಡು ದಿನಗಳಲ್ಲೇ ನಮ್ಮ ಪೊಲೀಸರು ಜಾಲಹಳ್ಳಿಯಲ್ಲಿ ಒಬ್ಬ ಯುವಕನನ್ನು ಬಂಧಿಸಿದರು. ಹಗಲು ಕಂಪನಿಯಲ್ಲಿ ನೌಕರಿ, ಉಳಿದ ಹೊತ್ತೆಲ್ಲ ಆ ಖಾತೆ. ಅವನು ಗಡಿ ದಾಟಿರಲಿಲ್ಲ, ಬಾಂಬು ಕಟ್ಟಿರಲಿಲ್ಲ. ಅರಬ್ಬೀ ಭಾಷೆಯ ಬರಹಗಳನ್ನು ಇಂಗ್ಲಿಷಿಗೆ ತಂದು ಹಂಚುತ್ತಿದ್ದ ಎಂಬುದು ಪೊಲೀಸರ ಮುಖ್ಯ ಆರೋಪವಾಗಿತ್ತು.

ಇಂಥವನನ್ನು ತಡೆಯಬೇಕಾದವರು ಯಾರು? ಟ್ವಿಟರ್ ಸಂಸ್ಥೆಯೇ, ನಮ್ಮ ಸರ್ಕಾರವೇ, ಬ್ರಿಟನ್ನಿನದೇ? ಯಾವ ಕಾನೂನಿನ ಕೆಳಗೆ, ಎಷ್ಟು ಹೊತ್ತಿನೊಳಗೆ? ಆಗ ಈ ಪ್ರಶ್ನೆಗಳಿಗೆ ಹೆಚ್ಚಿನ ದೇಶಗಳಲ್ಲಿ ಸಿದ್ಧ ಉತ್ತರ ಇರಲಿಲ್ಲ. ಈಗ ಹಲವು ದೇಶಗಳು ಉತ್ತರವನ್ನು ಕಾನೂನಾಗಿ ಬರೆದುಕೊಂಡಿವೆ. ಉಗ್ರರಿಗೆ ಸಾಮಾಜಿಕ ಜಾಲತಾಣ ಸಿಗದಂತೆ ಮಾಡುವ ಆ ಕಾನೂನುಗಳ ಕುರಿತು ಇಂದು ಮಾತಾಡುತ್ತೇನೆ. ನನ್ನ ನಿಲುವನ್ನು ಮೊದಲೇ ಹೇಳಿಬಿಡುವೆ. ಇಂಥ ಕಾನೂನು ಬೇಕು, ಅದಕ್ಕೆ ವೇಗವೂ ಬೇಕು. ಆದರೆ ತಾನು ಏನನ್ನು ತೆಗೆದುಹಾಕಿತು, ಏಕೆ ತೆಗೆದುಹಾಕಿತು ಎಂಬುದಕ್ಕೆ ಅದು ಲೆಕ್ಕ ಒಪ್ಪಿಸಲೇಬೇಕು. ಗುಟ್ಟಾಗಿ ನಡೆಯುವ ತಡೆಯನ್ನು ನಾನು ಒಪ್ಪಲಾರೆ.

ಮಾತಾಡುತ್ತಿರುವುದು ಬಾನುಲಿಯಲ್ಲಿ. ಹಾಗಾಗಿ ಬಾನುಲಿಯದೇ ಒಂದು ಹಳೆಯ ಪ್ರಸಂಗದಿಂದ ಶುರುಮಾಡೋಣ. 1988ರ ಅಕ್ಟೋಬರ್‌ನಲ್ಲಿ ಬ್ರಿಟನ್ನಿನ ಗೃಹಮಂತ್ರಿ ಡಗ್ಲಸ್ ಹರ್ಡ್ ಅವರು ಪಾರ್ಲಿಮೆಂಟಿನಲ್ಲಿ ಒಂದು ಆದೇಶ ಪ್ರಕಟಿಸಿದರು. ಉತ್ತರ ಐರ್ಲೆಂಡಿನ ಹನ್ನೊಂದು ಸಂಘಟನೆಗಳ ಪ್ರತಿನಿಧಿಗಳ ದನಿ ಇನ್ನು ಮುಂದೆ ರೇಡಿಯೊದಲ್ಲಾಗಲಿ ಟಿವಿಯಲ್ಲಾಗಲಿ ಕೇಳಿಸಕೂಡದು. ಪ್ರಚಾರವೇ ಉಗ್ರರ ಉಸಿರು, ಅದನ್ನು ಕಟ್ಟಬೇಕು ಎಂಬುದು ಪ್ರಧಾನಿ ಮಾರ್ಗರೆಟ್ ಥ್ಯಾಚರ್ ಅವರ ಗಟ್ಟಿ ನಂಬಿಕೆ. ಆದರೆ ನಿಷೇಧ ಬಿದ್ದದ್ದು ದನಿಯ ಮೇಲೆ ಮಾತ್ರ, ಮಾತಿನ ಮೇಲಲ್ಲ. ಆ ಪಟ್ಟಿಯಲ್ಲಿದ್ದ ಶಿನ್ ಫೇನ್ ಪಕ್ಷದ ಗೆರಿ ಆಡಮ್ಸ್ ಆಗ ಚುನಾಯಿತ ಸಂಸತ್ ಸದಸ್ಯರಾಗಿದ್ದವರು. ಅವರು ತೆರೆಯ ಮೇಲೆ ತುಟಿ ಆಡಿಸುತ್ತಿದ್ದರು, ಅವರ ಮಾತುಗಳನ್ನು ಒಬ್ಬ ನಟ ಓದುತ್ತಿದ್ದ. ಸುಮಾರು ಆರು ವರ್ಷ ಹೀಗೇ ನಡೆದು 1994ರ ಸೆಪ್ಟೆಂಬರ್‌ನಲ್ಲಿ ಆದೇಶ ರದ್ದಾಯಿತು.

ಆ ನಿಷೇಧ ವಿಫಲವಾಯಿತು ಎಂದು ಸಾಮಾನ್ಯವಾಗಿ ಹೇಳುತ್ತಾರೆ. ನನ್ನ ಗಮನ ಹೋಗುವುದು ಬೇರೊಂದು ಕಡೆಗೆ. ಆ ಹನ್ನೊಂದು ಹೆಸರು ಯಾವುವು ಎಂಬುದು ಎಲ್ಲರಿಗೂ ಗೊತ್ತಿತ್ತು. ಆದೇಶ ಹೊರಬಿದ್ದದ್ದು ಪಾರ್ಲಿಮೆಂಟಿನಲ್ಲಿ. ನಟನ ದನಿ ಕೇಳಿದ ಪ್ರತಿ ಮನೆಯಲ್ಲೂ, ಇಲ್ಲೊಂದು ದನಿಯನ್ನು ಸರ್ಕಾರ ತೆಗೆದಿದೆ ಎಂಬುದು ತಿಳಿಯುತ್ತಿತ್ತು. ಗೊತ್ತಿದ್ದುದರಿಂದಲೇ ಜನ ವಾದಿಸಿದರು, ಪತ್ರಕರ್ತರು ನ್ಯಾಯಾಲಯಕ್ಕೆ ಹೋದರು, ಕೊನೆಗೆ ಸರ್ಕಾರ ಮನಸ್ಸು ಬದಲಿಸಿತು. ಇಂದು ಒಂದು ಖಾತೆ ಮುಚ್ಚಿದರೆ ಅದನ್ನು ಏಕೆ ಮುಚ್ಚಿದರೆಂಬ ಕುರುಹು ಹೆಚ್ಚಾಗಿ ಉಳಿಯುವುದಿಲ್ಲ.

ಜಾಲತಾಣಗಳ ಕಾಲಕ್ಕೆ ಬಂದರೆ ಚಿತ್ರವೇ ಬೇರೆ. 2013ರ ಸೆಪ್ಟೆಂಬರ್‌ನಲ್ಲಿ ಕೆನ್ಯಾದ ನೈರೋಬಿಯಲ್ಲಿ ವೆಸ್ಟ್‌ಗೇಟ್ ಮಾಲ್ ಮೇಲೆ ಅಲ್ ಶಬಾಬ್ ಉಗ್ರ ಸಂಘಟನೆ ದಾಳಿ ಮಾಡಿ 67 ಜನರನ್ನು ಕೊಂದಿತು. ಒಳಗೆ ಗುಂಡು ಹಾರುತ್ತಿರುವಾಗಲೇ ಸಂಘಟನೆ ಟ್ವಿಟರ್‌ನಲ್ಲಿ ವಿವರ ಹಾಕುತ್ತಿತ್ತು. ಟ್ವಿಟರ್ ಒಂದು ಖಾತೆ ಮುಚ್ಚಿದರೆ ಇನ್ನೊಂದು ತೆರೆದುಕೊಳ್ಳುತ್ತಿತ್ತು. ಮುಂದಿನ ವರ್ಷ ಐಸಿಸ್ ಇದನ್ನೇ ದೊಡ್ಡ ಪ್ರಮಾಣದಲ್ಲಿ ಮಾಡಿತು. ಅಮೆರಿಕದ ಸಂಶೋಧಕ ಜೆ. ಎಂ. ಬರ್ಗರ್ ಮತ್ತು ಜೊತೆಗಾರರು ಎಣಿಸಿ ನೋಡಿದಾಗ, 2014ರ ಕೊನೆಯ ತಿಂಗಳುಗಳಲ್ಲಿ ಐಸಿಸ್ ಬೆಂಬಲಿಗರ ಕನಿಷ್ಠ 46,000 ಟ್ವಿಟರ್ ಖಾತೆಗಳಿದ್ದವು. ಮುಚ್ಚಿ ಏನು ಪ್ರಯೋಜನ, ಮತ್ತೆ ಹುಟ್ಟುತ್ತವಲ್ಲ ಎಂದು ಕೈಚೆಲ್ಲಿದವರು ಆಗ ಬಹಳ ಮಂದಿ. ಅದು ಪೂರ್ತಿ ನಿಜವಲ್ಲ. 2015ರ ನಡುವಿನಿಂದ ಮುಂದಿನ ವರ್ಷದ ಆಗಸ್ಟ್‌ವರೆಗೆ ಟ್ವಿಟರ್ 3,60,000 ಖಾತೆಗಳನ್ನು ಅಮಾನತು ಮಾಡಿತು. ಮರಳಿ ಬಂದವರಿಗೆ ಹಳೆಯ ಹಿಂಬಾಲಕರು ಸಿಗಲಿಲ್ಲ. ಅವರ ಗುಂಪು ತಮ್ಮತಮ್ಮಲ್ಲೇ ಮಾತಾಡಿಕೊಳ್ಳುವಷ್ಟಕ್ಕೆ ಕುಗ್ಗಿತು ಎಂದು ಅದೇ ಬರ್ಗರ್ 2016ರಲ್ಲಿ ತೋರಿಸಿದರು. ಅವರಲ್ಲಿ ಅನೇಕರು ಟೆಲಿಗ್ರಾಂಗೆ ಹೋದರು, ನಿಜ. ಆದರೆ ಮುಚ್ಚಿದ ಕೋಣೆಯಲ್ಲಿ ಮಾತಾಡುವುದಕ್ಕೂ ಸಂತೆಯ ನಡುವೆ ನಿಂತು ಕೂಗುವುದಕ್ಕೂ ವ್ಯತ್ಯಾಸವಿದೆ. ದಾರಿಹೋಕ ಹುಡುಗನ ಕಿವಿಗೆ ಬೀಳುವುದು ಸಂತೆಯ ಕೂಗು. ತಡೆಯಿಂದ ಪ್ರಯೋಜನವಿದೆ ಎಂದು ನಾನು ನಂಬುವುದು ಈ ಕಾರಣಕ್ಕೆ.

ಅಲ್ಲಿಯವರೆಗೆ ಕಂಪನಿಗಳು ಬಹುಮಟ್ಟಿಗೆ ತಮಗೆ ತೋಚಿದಾಗ ತೋಚಿದಂತೆ ಮಾಡುತ್ತಿದ್ದವು. ಹಲವು ಸರ್ಕಾರಗಳು ಕಾನೂನಿನ ಕೋಲು ಹಿಡಿಯುವಂತೆ ಮಾಡಿದ್ದು ಕ್ರೈಸ್ಟ್‌ಚರ್ಚ್.

2019ರ ಮಾರ್ಚ್ 15, ಶುಕ್ರವಾರ. ನ್ಯೂಜಿಲೆಂಡಿನ ಆ ಊರಿನ ಅಲ್ ನೂರ್ ಮಸೀದಿಯಲ್ಲಿ ಮಧ್ಯಾಹ್ನದ ಪ್ರಾರ್ಥನೆಗೆ ಜನ ಸೇರಿದ್ದರು. ಬಿಳಿಯರೇ ಮೇಲೆಂಬ ಹುಚ್ಚು ನಂಬಿಕೆಯ ಒಬ್ಬ, ಮೈಮೇಲೆ ಕ್ಯಾಮೆರಾ ಕಟ್ಟಿಕೊಂಡು ಒಳನುಗ್ಗಿದ. ಅಲ್ಲಿಂದ ಲಿನ್‌ವುಡ್ ಇಸ್ಲಾಮಿಕ್ ಕೇಂದ್ರಕ್ಕೆ ಹೋದ. 51 ಮಂದಿ ಪ್ರಾಣ ಕಳೆದುಕೊಂಡರು. ಅವರಲ್ಲಿ ಭಾರತದವರೂ ಇದ್ದರು. ಹದಿನೇಳು ನಿಮಿಷ ಈ ದಾಳಿ ಫೇಸ್‌ಬುಕ್‌ನಲ್ಲಿ ನೇರಪ್ರಸಾರವಾಯಿತು. ನೇರವಾಗಿ ನೋಡಿದವರು ಇನ್ನೂರಕ್ಕಿಂತ ಕಡಿಮೆ, ಅವರಲ್ಲಿ ಒಬ್ಬರೂ ಆ ಹೊತ್ತಿನಲ್ಲಿ ದೂರು ಕೊಡಲಿಲ್ಲ ಎಂದು ಫೇಸ್‌ಬುಕ್ ಹೇಳಿತು. ಮೊದಲ ದೂರು ಬಂದದ್ದು ಪ್ರಸಾರ ಮುಗಿದ ಹನ್ನೆರಡು ನಿಮಿಷಗಳ ಮೇಲೆ. ಅಷ್ಟರಲ್ಲಿ ಯಾರೋ ಅದನ್ನು ಇಳಿಸಿಕೊಂಡು ಬೇರೆಡೆ ಏರಿಸಿದ್ದರು. ಮುಂದಿನ 24 ಗಂಟೆಗಳಲ್ಲಿ ಫೇಸ್‌ಬುಕ್ ಒಂದೇ ತೆಗೆದುಹಾಕಿದ ಪ್ರತಿಗಳು 15 ಲಕ್ಷ. ಅದರಲ್ಲಿ 12 ಲಕ್ಷವನ್ನು ಏರಿಸುವಾಗಲೇ ತಡೆಯಿತು. ಉಳಿದ ಮೂರು ಲಕ್ಷ ಒಂದಷ್ಟು ಹೊತ್ತಾದರೂ ಜನರ ಕಣ್ಣಿಗೆ ಬಿದ್ದವು.

ಯಂತ್ರ ಅವನ್ನೆಲ್ಲ ಏಕೆ ಹಿಡಿಯಲಿಲ್ಲ? ಒಂದು ವಿಡಿಯೊವನ್ನು ಗುರುತಿಸಲು ಕಂಪನಿಗಳು ಅದರಿಂದ ಒಂದು ಸಂಖ್ಯೆಯನ್ನು ಲೆಕ್ಕಹಾಕಿ ಇಟ್ಟುಕೊಳ್ಳುತ್ತವೆ. ತಂತ್ರಜ್ಞರು ಇದನ್ನು ಹ್ಯಾಶ್ ಎನ್ನುತ್ತಾರೆ. ಫೇಸ್‌ಬುಕ್, ಮೈಕ್ರೋಸಾಫ್ಟ್, ಟ್ವಿಟರ್, ಯೂಟ್ಯೂಬ್ 2017ರಲ್ಲಿ ಕಟ್ಟಿಕೊಂಡ ಒಕ್ಕೂಟವೊಂದು ಈ ಸಂಖ್ಯೆಗಳನ್ನು ತಮ್ಮೊಳಗೆ ಹಂಚಿಕೊಳ್ಳುತ್ತದೆ. ಒಬ್ಬರ ಬಳಿ ಸಿಕ್ಕಿಬಿದ್ದ ವಿಡಿಯೊ ಇನ್ನೊಬ್ಬರ ಬಾಗಿಲಲ್ಲೂ ಸಿಕ್ಕಿಬೀಳಲಿ ಎಂಬುದು ಉದ್ದೇಶ. ಆದರೆ ಅಂಚು ಕತ್ತರಿಸಿದರೆ, ಟಿವಿ ಪರದೆಯಿಂದ ಮರುಚಿತ್ರೀಕರಿಸಿದರೆ, ಬಣ್ಣ ಬದಲಿಸಿದರೆ ಸಂಖ್ಯೆಯೂ ಬದಲಾಗಬಹುದು. ಆ ಒಂದು ವಿಡಿಯೊದ ಎಂಟುನೂರಕ್ಕೂ ಹೆಚ್ಚು ಬಗೆಯ ರೂಪಗಳನ್ನು ಫೇಸ್‌ಬುಕ್ ಕಂಡಿತು. ರಕ್ತಬೀಜಾಸುರನ ರಕ್ತದ ಹನಿಗಳಂತೆ ಒಂದೊಂದರಿಂದಲೂ ಮತ್ತೊಂದು.

ಮೂರು ವಾರ ತುಂಬುವ ಮೊದಲೇ, ಏಪ್ರಿಲ್ 4ರಂದು, ಪಕ್ಕದ ಆಸ್ಟ್ರೇಲಿಯಾ ಒಂದು ಕಾನೂನು ಮಾಡಿತು. ಕೊಲೆ, ಚಿತ್ರಹಿಂಸೆ, ಅತ್ಯಾಚಾರದಂಥ ಕೃತ್ಯಗಳನ್ನು ಎಸಗಿದವರೇ ಚಿತ್ರೀಕರಿಸಿ ಹರಡಿದ ದೃಶ್ಯವನ್ನು ಜಾಲತಾಣ ತ್ವರಿತವಾಗಿ ತೆಗೆಯದಿದ್ದರೆ, ಕಂಪನಿಯ ವಾರ್ಷಿಕ ವಹಿವಾಟಿನ ಶೇಕಡ 10ರವರೆಗೂ ದಂಡ. ತ್ವರಿತ ಎಂದರೆ ಎಷ್ಟು ಹೊತ್ತು ಎಂಬುದನ್ನು ಮಾತ್ರ ಅದರಲ್ಲಿ ಬರೆಯಲಿಲ್ಲ. ದುಃಖದ ಬಿಸಿಯಲ್ಲಿ, ಚರ್ಚೆಗೆ ಸಮಯ ಕೊಡದೆ ಮಾಡಿದ ಕಾನೂನು ಅದು. ದಾಳಿಗೆ ಒಳಗಾದ ನ್ಯೂಜಿಲೆಂಡ್ ನಿಧಾನವಾಗಿ ನಡೆಯಿತು. ಅಲ್ಲಿನ ಮುಖ್ಯ ಸೆನ್ಸಾರ್ ಅಧಿಕಾರಿ ಆ ವಿಡಿಯೊವನ್ನು ಕೆಲವೇ ದಿನಗಳಲ್ಲಿ ನಿಷಿದ್ಧವೆಂದು ಘೋಷಿಸಿ, ಇಟ್ಟುಕೊಂಡರೂ ಅಪರಾಧ ಎಂದರು. ಹೊಸ ಕಾನೂನು ಬಂದದ್ದು 2021ರಲ್ಲಿ. ಇಡೀ ದೇಶದ ಅಂತರ್ಜಾಲಕ್ಕೆ ಸರ್ಕಾರಿ ಸೋಸುಜಾಲ ಹಾಕುವ ಒಂದು ಪ್ರಸ್ತಾಪ ಅದರಲ್ಲಿತ್ತು. ಅದು ವಿಪರೀತವಾದೀತು ಎಂಬ ಆಕ್ಷೇಪ ಬಂದಾಗ ಮಸೂದೆಯಿಂದ ಆ ಭಾಗವನ್ನೇ ಕೈಬಿಟ್ಟರು. ಗಾಯ ಯಾರಿಗೆ ಆಗಿತ್ತೋ ಅವರೇ ಇಷ್ಟು ತಾಳ್ಮೆ ತೋರಿದ್ದನ್ನು ನಾನು ಗೌರವದಿಂದ ನೆನೆಯುತ್ತೇನೆ. ಅದೇ 2019ರ ಮೇ 15ರಂದು ಪ್ರಧಾನಿ ಜಸಿಂಡಾ ಆರ್ಡರ್ನ್ ಮತ್ತು ಫ್ರಾನ್ಸಿನ ಅಧ್ಯಕ್ಷ ಮ್ಯಾಕ್ರಾನ್ ಪ್ಯಾರಿಸ್‌ನಲ್ಲಿ 'ಕ್ರೈಸ್ಟ್‌ಚರ್ಚ್ ಕರೆ' ಎಂಬ ಒಪ್ಪಂದಕ್ಕೆ ದೇಶಗಳನ್ನೂ ಕಂಪನಿಗಳನ್ನೂ ಒಟ್ಟು ಸೇರಿಸಿದರು. ಭಾರತ ಅದರ ಜೊತೆ ನಿಂತಿತು.

ವೇಗದ ವಿಷಯದಲ್ಲಿ ಎಲ್ಲರಿಗಿಂತ ಕಟ್ಟುನಿಟ್ಟು ಯುರೋಪಿನ ಒಕ್ಕೂಟ. 2021ರಲ್ಲಿ ಮಾಡಿ 2022ರ ಜೂನ್ 7ರಿಂದ ಜಾರಿಗೆ ತಂದ ನಿಯಮದ ಪ್ರಕಾರ, ಸದಸ್ಯ ದೇಶದ ಅಧಿಕಾರಿ ಆದೇಶ ಕಳಿಸಿದ ಒಂದು ಗಂಟೆಯೊಳಗೆ ಉಗ್ರರ ಬರಹ, ಚಿತ್ರ, ವಿಡಿಯೊ ಮರೆಯಾಗಬೇಕು. ಪದೇಪದೇ ತಪ್ಪಿದರೆ ಜಾಗತಿಕ ವಹಿವಾಟಿನ ಶೇಕಡ 4ರವರೆಗೆ ದಂಡ. ಒಂದು ಗಂಟೆ ಎಂದರೆ ವಿಪರೀತ ಎನ್ನಿಸಬಹುದು. ಆದರೆ 2022ರ ಮೇ ತಿಂಗಳಲ್ಲಿ ಅಮೆರಿಕದ ಬಫಲೊ ನಗರದ ಅಂಗಡಿಯೊಂದರಲ್ಲಿ ಹತ್ತು ಮಂದಿ ಕಪ್ಪುಜನರನ್ನು ಕೊಂದವನ ನೇರಪ್ರಸಾರವನ್ನು ಟ್ವಿಚ್ ಎಂಬ ತಾಣ ಎರಡೇ ನಿಮಿಷಗಳಲ್ಲಿ ನಿಲ್ಲಿಸಿತು. ಆದರೂ ಅದರ ಪ್ರತಿಗಳನ್ನು ಬೇರೆ ತಾಣಗಳಲ್ಲಿ ಲಕ್ಷಗಟ್ಟಲೆ ಜನ ನೋಡಿದರು. ಗಂಟೆಯಲ್ಲ, ನಿಮಿಷವೂ ದುಬಾರಿ. ಹಾಗಾಗಿ ಈ ಗಡುವಿನ ಬಗ್ಗೆ ನನ್ನ ತಕರಾರಿಲ್ಲ.

ಯುರೋಪಿನ ನಿಯಮದಲ್ಲಿ ನನಗೆ ಮೆಚ್ಚಿಗೆಯಾದದ್ದು ಗಡುವಿಗಿಂತ ಹೆಚ್ಚಾಗಿ ಅದರ ಸುತ್ತ ಬರೆದ ಷರತ್ತುಗಳು. ಪತ್ರಿಕೋದ್ಯಮ, ಸಂಶೋಧನೆ, ಕಲೆ, ಶಿಕ್ಷಣಕ್ಕಾಗಿ ಹಾಕಿದ್ದನ್ನು ಉಗ್ರರದ್ದೆಂದು ಎಣಿಸಕೂಡದು. ಆದೇಶದಲ್ಲಿ ಕಾರಣ ಬರೆದಿರಬೇಕು. ಹಾಕಿದವನಿಗೆ ಇದನ್ನು ತೆಗೆದಿದ್ದೇವೆಂದು ತಿಳಿಸಬೇಕು, ಅವನು ನ್ಯಾಯಾಲಯಕ್ಕೆ ಹೋಗಲು ದಾರಿ ಇರಬೇಕು. ತನಿಖೆಗೆ ತೊಡಕಾಗುವಂತಿದ್ದರೆ ಕೆಲವು ವಾರ ಗುಟ್ಟಾಗಿಡಬಹುದು, ಆಮೇಲೆ ಹೇಳಲೇಬೇಕು. ಇನ್ನೊಂದು ಅಂಶ ಎಲ್ಲಕ್ಕಿಂತ ಮುಖ್ಯ. ತೆಗೆದದ್ದನ್ನು ಸುಟ್ಟುಹಾಕುವಂತಿಲ್ಲ, ಆರು ತಿಂಗಳು ಜೋಪಾನವಾಗಿ ಇಟ್ಟಿರಬೇಕು.

ಇಟ್ಟಿರಬೇಕಾದದ್ದು ಏಕೆ ಎಂಬುದಕ್ಕೆ ಸಿರಿಯಾ ಮತ್ತು ಲಿಬಿಯಾ ಸಾಕ್ಷಿ. ಸಿರಿಯಾದ ಅಂತರ್ಯುದ್ಧದಲ್ಲಿ ಬಾಂಬು ಬಿದ್ದ ಬೀದಿಗಳನ್ನು, ಆಸ್ಪತ್ರೆಗಳನ್ನು, ಅನಿಲ ದಾಳಿಗೆ ಸಿಕ್ಕ ಮಕ್ಕಳನ್ನು ಅಲ್ಲಿಯ ಜನ ಜೀವದ ಹಂಗು ತೊರೆದು ಚಿತ್ರೀಕರಿಸಿ ಯೂಟ್ಯೂಬ್‌ಗೆ ಹಾಕಿದರು. ಅನೇಕರಿಗೆ ಆ ಖಾತೆ ಬಿಟ್ಟರೆ ಬೇರೆ ಪ್ರತಿ ಇರಲಿಲ್ಲ. 2017ರಲ್ಲಿ ಉಗ್ರರ ವಿಡಿಯೊ ಹಿಡಿಯಲೆಂದು ಯೂಟ್ಯೂಬ್ ಹೊಸ ಯಂತ್ರವ್ಯವಸ್ಥೆ ತಂದಾಗ, ಹಿಂಸೆ ಮಾಡಿದವನು ಹಾಕಿದ ದೃಶ್ಯ ಯಾವುದು, ಹಿಂಸೆಗೆ ಒಳಗಾದವನು ಹಾಕಿದ್ದು ಯಾವುದು ಎಂಬುದು ಅದಕ್ಕೆ ತಿಳಿಯಲಿಲ್ಲ. ಎರಡರಲ್ಲೂ ರಕ್ತವಿತ್ತು. ಸಾಕ್ಷ್ಯ ಕೂಡಿಡುತ್ತಿದ್ದ 'ಸಿರಿಯನ್ ಆರ್ಕೈವ್' ಗುಂಪಿನವರು ಒಂದೊಂದು ಖಾತೆಗಾಗಿಯೂ ಕಂಪನಿಯ ಬಾಗಿಲು ತಟ್ಟಬೇಕಾಯಿತು. ಅದೇ ವರ್ಷದ ಆಗಸ್ಟ್‌ನಲ್ಲಿ ಹೇಗ್ ನಗರದ ಅಂತರರಾಷ್ಟ್ರೀಯ ಅಪರಾಧ ನ್ಯಾಯಾಲಯ ಲಿಬಿಯಾದ ಸೇನಾನಿ ಮಹಮೂದ್ ಅಲ್ ವೆರ್ಫಾಲಿಯ ಬಂಧನಕ್ಕೆ ವಾರಂಟ್ ಹೊರಡಿಸಿತು. ಕೈದಿಗಳನ್ನು ಕೊಲ್ಲುವ ದೃಶ್ಯಗಳಿದ್ದ, ಸಾಮಾಜಿಕ ಜಾಲತಾಣಗಳಲ್ಲಿ ಸಿಕ್ಕಿದ ವಿಡಿಯೊಗಳೇ ಆ ವಾರಂಟಿಗೆ ಬಹುಮಟ್ಟಿಗೆ ಆಧಾರ. ಅವು ಅಳಿದುಹೋಗಿದ್ದರೆ ಸತ್ತವರ ಪರವಾಗಿ ಹೇಳುವವರು ಯಾರಿದ್ದರು?

ಅಮೆರಿಕದ ಕಥೆ ಇವೆಲ್ಲಕ್ಕಿಂತ ಬೇರೆ. ಬಳಕೆದಾರ ಬರೆದದ್ದಕ್ಕೆ ತಾಣವನ್ನು ಹೊಣೆ ಮಾಡುವಂತಿಲ್ಲ ಎನ್ನುವ 1996ರ ಕಾನೂನು ಅಲ್ಲಿದೆ. ಉಗ್ರ ಸಂಘಟನೆಗೆ ನೆರವು ನೀಡುವುದು ಅಪರಾಧ ಎನ್ನುವ ಕಾನೂನೂ ಇದೆ. ಖಾತೆ ಕೊಡುವುದೂ ನೆರವೇ ಎಂಬ ಪ್ರಶ್ನೆ ಎತ್ತಿಕೊಂಡು ಇಸ್ತಾಂಬುಲ್‌ನ ರೈನಾ ನೈಟ್‌ಕ್ಲಬ್ ದಾಳಿಯಲ್ಲಿ ಸತ್ತವರೊಬ್ಬರ ಕುಟುಂಬ ಟ್ವಿಟರ್ ಮೇಲೆ ದಾವೆ ಹೂಡಿತು. 2023ರ ಮೇ 18ರಂದು ಸುಪ್ರೀಂ ಕೋರ್ಟ್ ಒಮ್ಮತದಿಂದ ಟ್ವಿಟರ್ ಪರ ತೀರ್ಪು ಕೊಟ್ಟಿತು. ಉಗ್ರರೂ ತಾಣವನ್ನು ಬಳಸಿದರು ಎಂದ ಮಾತ್ರಕ್ಕೆ ಆ ದಾಳಿಗೆ ತಾಣ ನೆರವಾಯಿತೆನ್ನಲಾಗದು ಎಂದಿತು. ತಾಣ ತಾನಾಗಿ ಮುಂದಕ್ಕೆ ತಳ್ಳುವ ಶಿಫಾರಸುಗಳ ಮಾತೂ ವಾದದಲ್ಲಿ ಬಂದಿತ್ತು. ಅದೂ ನಿಲ್ಲಲಿಲ್ಲ. ಇದು ನನಗೆ ಸಮಾಧಾನ ತಂದ ತೀರ್ಪಲ್ಲ. ಕ್ರೈಸ್ಟ್‌ಚರ್ಚ್ ಹಂತಕನ ಬಗ್ಗೆ ತನಿಖೆ ನಡೆಸಿದ ರಾಯಲ್ ಕಮಿಷನ್ ಮುಂದೆ ಅವನೇ ಹೇಳಿಕೊಂಡ ಪ್ರಕಾರ, ಅವನ ತಲೆ ಕೆಡಿಸಿದ್ದರಲ್ಲಿ ಯೂಟ್ಯೂಬ್‌ನ ಪಾಲು ದೊಡ್ಡದು. ಒಂದಾದ ಮೇಲೊಂದು ವಿಡಿಯೊ ತೋರಿಸುತ್ತ ಹೋಗುವ ಆ ಯಂತ್ರವನ್ನು ಇವತ್ತಿನ ಹೆಚ್ಚಿನ ತಡೆ ಕಾನೂನುಗಳು ಮುಟ್ಟುವುದೇ ಇಲ್ಲ.

ಇನ್ನು ನಮ್ಮ ದೇಶ. 2008ರ ಮುಂಬೈ ದಾಳಿಯ ಮರುತಿಂಗಳೇ ಸಂಸತ್ತು ಮಾಹಿತಿ ತಂತ್ರಜ್ಞಾನ ಕಾಯ್ದೆಯ ತಿದ್ದುಪಡಿಗೆ ಒಪ್ಪಿಗೆ ಕೊಟ್ಟಿತು. ಅದರಿಂದ ಬಂದದ್ದು 69ಎ ಕಲಂ. ದೇಶದ ಭದ್ರತೆ, ಸಾರ್ವಭೌಮತೆ, ಸಾರ್ವಜನಿಕ ಸುವ್ಯವಸ್ಥೆ ಮುಂತಾದ ಕಾರಣಗಳಿಗೆ ಕೇಂದ್ರ ಸರ್ಕಾರ ಯಾವುದೇ ತಾಣವನ್ನು, ಖಾತೆಯನ್ನು ತಡೆಯಬಹುದು. ಪಾಲಿಸದ ಕಂಪನಿಯ ಅಧಿಕಾರಿಗಳಿಗೆ ಏಳು ವರ್ಷದವರೆಗೆ ಸೆರೆ. ತುರ್ತಿದ್ದರೆ ಮೊದಲು ತಡೆಯಬಹುದು, ಆದರೆ 48 ಗಂಟೆಯೊಳಗೆ ಸಮಿತಿಯ ಮುಂದೆ ಇಡಬೇಕು ಎಂದು 2009ರ ನಿಯಮಗಳು ಹೇಳುತ್ತವೆ. ಅಂದರೆ ವೇಗ ನಮ್ಮ ಕಾನೂನಿನಲ್ಲಿ ಆಗಿನಿಂದಲೂ ಇದೆ.

2015ರ ಮಾರ್ಚ್ 24ರ ಶ್ರೇಯಾ ಸಿಂಘಾಲ್ ತೀರ್ಪು ಅನೇಕರಿಗೆ ನೆನಪಿರುವುದು ಅದೇ ಕಾಯ್ದೆಯ 66ಎ ಕಲಮನ್ನು ಹೊಡೆದುಹಾಕಿದ್ದಕ್ಕಾಗಿ. ಅದೇ ತೀರ್ಪು 69ಎ ಕಲಮನ್ನು ಉಳಿಸಿತು. ಉಳಿಸಿದ್ದಕ್ಕೆ ಸುಪ್ರೀಂ ಕೋರ್ಟ್ ಕೊಟ್ಟ ಕಾರಣವನ್ನು ದಯವಿಟ್ಟು ಗಮನಿಸಿ. ಇಲ್ಲಿ ಕಾರಣವನ್ನು ಬರಹದಲ್ಲಿ ದಾಖಲಿಸಬೇಕು, ಸಮಿತಿ ನೋಡಬೇಕು, ಬರೆದವನು ಯಾರೆಂದು ಗೊತ್ತಾದರೆ ಅವನ ಮಾತನ್ನೂ ಕೇಳಬೇಕು, ಆದೇಶವನ್ನು ಹೈಕೋರ್ಟಿನಲ್ಲಿ ಪ್ರಶ್ನಿಸಬಹುದು. ಇಷ್ಟು ಕಾವಲು ಇರುವುದರಿಂದ ಇದು ಸಂವಿಧಾನಕ್ಕೆ ಒಪ್ಪುತ್ತದೆ ಎಂಬುದು ತರ್ಕ. ಆದರೆ 2009ರ ನಿಯಮಗಳ 16ನೆಯದು, ಬಂದ ಕೋರಿಕೆ ಮತ್ತು ಕೈಗೊಂಡ ಕ್ರಮವೆಲ್ಲ ಕಟ್ಟುನಿಟ್ಟಾಗಿ ಗೋಪ್ಯವಾಗಿರಬೇಕು ಎನ್ನುತ್ತದೆ. ಆದೇಶದ ಪ್ರತಿಯೇ ಕೈಗೆ ಸಿಗದವನು ಹೈಕೋರ್ಟಿಗೆ ಏನನ್ನು ಹಿಡಿದುಕೊಂಡು ಹೋಗಬೇಕು? ಎರಡು ತಿಂಗಳಿಗೊಮ್ಮೆ ತಡೆ ಆದೇಶಗಳನ್ನು ಮರುಪರಿಶೀಲಿಸುವ ಬೇರೊಂದು ಸಮಿತಿಯಲ್ಲಿರುವವರು ಸಂಪುಟ ಕಾರ್ಯದರ್ಶಿ ಮತ್ತು ಇತರ ಹಿರಿಯ ಅಧಿಕಾರಿಗಳು. ನ್ಯಾಯಾಧೀಶರು ಒಬ್ಬರೂ ಇಲ್ಲ.

ಈ ಜಗಳ ನಮ್ಮ ಕರ್ನಾಟಕ ಹೈಕೋರ್ಟಿನಲ್ಲೇ ನಡೆಯಿತು. ತಡೆ ಆದೇಶಗಳನ್ನು ಪ್ರಶ್ನಿಸಿ ಟ್ವಿಟರ್ ಸಲ್ಲಿಸಿದ್ದ ಅರ್ಜಿಯನ್ನು 2023ರ ಜೂನ್ 30ರಂದು ನ್ಯಾಯಮೂರ್ತಿ ಕೃಷ್ಣ ದೀಕ್ಷಿತ್ ಅವರು ವಜಾ ಮಾಡಿ, 50 ಲಕ್ಷ ರೂಪಾಯಿ ಕಟ್ಟುವಂತೆ ಹೇಳಿದರು. ಆದೇಶ ಬಂದರೂ ತಿಂಗಳುಗಟ್ಟಲೆ ಪಾಲಿಸದೆ ಕುಳಿತ ಕಂಪನಿಯ ನಡವಳಿಕೆ ಒಪ್ಪುವಂಥದ್ದಲ್ಲ ಎಂಬುದು ಅಲ್ಲಿ ಸ್ಪಷ್ಟವಾಯಿತು. ಸರ್ಕಾರದ 'ಸಹಯೋಗ್' ಪೋರ್ಟಲ್ ಮೂಲಕ ಬರುವ ಸೂಚನೆಗಳ ವಿರುದ್ಧ ಅದೇ ಕಂಪನಿ ಎಕ್ಸ್ ಎಂಬ ಹೊಸ ಹೆಸರಿನಲ್ಲಿ ತಂದ ಅರ್ಜಿಯನ್ನು 2025ರ ಸೆಪ್ಟೆಂಬರ್ 24ರಂದು ನ್ಯಾಯಮೂರ್ತಿ ಎಂ. ನಾಗಪ್ರಸನ್ನ ಅವರು ತಳ್ಳಿಹಾಕಿದರು. ಹೊರದೇಶದ ಕಂಪನಿ ಇಲ್ಲಿಯ ಪ್ರಜೆಯ ವಾಕ್‌ಸ್ವಾತಂತ್ರ್ಯವನ್ನು ತನ್ನದೆನ್ನಲಾಗದು, ನಿಜ. ಆದರೆ ಆ ಸ್ವಾತಂತ್ರ್ಯ ಯಾರದೋ ಆ ಪ್ರಜೆಗೆ, ನಿನ್ನ ಬರಹವನ್ನು ಇಂಥ ಕಾರಣಕ್ಕೆ ತೆಗೆದಿದ್ದೇವೆ ಎಂದು ಯಾರೂ ಹೇಳದಿದ್ದರೆ ಮೊಕದ್ದಮೆ ಹೂಡುವವರು ಯಾರು? ಕೊನೆಗೆ ನ್ಯಾಯಾಲಯದಲ್ಲಿ ನಿಲ್ಲುವುದು ಕಂಪನಿ ಮತ್ತು ಸರ್ಕಾರ ಮಾತ್ರ.

2025ರ ಏಪ್ರಿಲ್ 22ರಂದು ಕಾಶ್ಮೀರದ ಪಹಲ್ಗಾಮ್‌ನಲ್ಲಿ ಉಗ್ರರು 26 ಮಂದಿಯನ್ನು ಗುಂಡಿಟ್ಟು ಕೊಂದರು. ಅವರಲ್ಲಿ ಕನ್ನಡಿಗರೂ ಇದ್ದರು. ಅದಾದ ಮುಂದಿನ ತಿಂಗಳು, ಎಂಟು ಸಾವಿರಕ್ಕೂ ಹೆಚ್ಚು ಖಾತೆಗಳನ್ನು ಭಾರತದಲ್ಲಿ ತಡೆಹಿಡಿಯಲು ತನಗೆ ಆದೇಶ ಬಂದಿದೆ ಎಂದು ಎಕ್ಸ್ ಹೇಳಿತು. ಅವುಗಳಲ್ಲಿ ಸುದ್ದಿಸಂಸ್ಥೆಗಳೂ ಸೇರಿವೆ, ಬಹುತೇಕ ಖಾತೆಗಳಲ್ಲಿ ಯಾವ ಬರಹ ಕಾನೂನು ಮೀರಿತು ಎಂಬುದನ್ನು ತಿಳಿಸಿಲ್ಲ ಎಂದೂ ದೂರಿತು. ಆ ದಿನಗಳಲ್ಲಿ ದ್ವೇಷ ಹರಡುವ ಖಾತೆಗಳು ಇದ್ದದ್ದು ಖಂಡಿತ. ಅವುಗಳನ್ನು ತಡೆದದ್ದು ಸರಿಯೇ. ಆದರೆ ಎಂಟು ಸಾವಿರದಲ್ಲಿ ಉಗ್ರನದು ಯಾವುದು, ವರದಿಗಾರನದು ಯಾವುದು ಎಂದು ಹೊರಗಿನ ಯಾರೂ ಎಣಿಸಿ ನೋಡಲಾರರು.

ಎಣಿಸಿ ನೋಡಿದ ಒಂದು ಸಂದರ್ಭ ನಮ್ಮೂರಿನದೇ ಇದೆ. 2012ರ ಆಗಸ್ಟ್‌ನಲ್ಲಿ ಈಶಾನ್ಯ ರಾಜ್ಯಗಳವರ ಮೇಲೆ ದಾಳಿ ನಡೆಯಲಿದೆ ಎಂಬ ವದಂತಿ ಮೊಬೈಲಿನಿಂದ ಮೊಬೈಲಿಗೆ ಹಬ್ಬಿ, ಸಾವಿರಾರು ಮಂದಿ ಬೆಂಗಳೂರು ರೈಲು ನಿಲ್ದಾಣಕ್ಕೆ ಧಾವಿಸಿ ಗುವಾಹಟಿಯ ಕಡೆಗೆ ಹೊರಟುಹೋದರು. ಸರ್ಕಾರ ಸಗಟು ಎಸ್‌ಎಂಎಸ್‌ಗಳಿಗೆ ಕಡಿವಾಣ ಹಾಕಿತು, ಮುನ್ನೂರಕ್ಕೂ ಹೆಚ್ಚು ಪುಟ ಮತ್ತು ಖಾತೆಗಳನ್ನು ತಡೆಯಲು ಹೇಳಿತು. ಆ ಪಟ್ಟಿಯನ್ನು ಸರ್ಕಾರ ತಾನಾಗಿ ಪ್ರಕಟಿಸಲಿಲ್ಲ, ಹೇಗೋ ಹೊರಬಂತು. ಬೆಂಗಳೂರಿನ ಸೆಂಟರ್ ಫಾರ್ ಇಂಟರ್‌ನೆಟ್ ಅಂಡ್ ಸೊಸೈಟಿಯವರು ಅದನ್ನು ಸಾಲುಸಾಲಾಗಿ ಓದಿದರು. ವದಂತಿ ಹಬ್ಬಿಸಿದ ಪುಟಗಳ ಜೊತೆಗೆ, ಆ ವದಂತಿ ಸುಳ್ಳು, ಈ ಚಿತ್ರ ನಕಲಿ ಎಂದು ತೋರಿಸಿಕೊಟ್ಟ ಪುಟಗಳೂ ಅದರಲ್ಲಿದ್ದವು. ಭಯ ಬಿತ್ತುವವನ ಜೊತೆಗೆ ಭಯ ಕಳೆಯುವವನ ಬಾಯನ್ನೂ ಕಟ್ಟಿದಂತಾಗಿತ್ತು. ಪಟ್ಟಿ ಹೊರಬಂದುದರಿಂದ ಆ ತಪ್ಪು ಕಂಡಿತು. 16ನೆಯ ನಿಯಮ ತಿದ್ದುವವರೆಗೆ, ಮುಂದಿನ ಪಟ್ಟಿ ಹೊರಬರುವುದು ಮತ್ತೆ ಯಾರೋ ಹೇಗೋ ಹೊರತಂದರೆ ಮಾತ್ರ.